ಹೊಳೆಯ ದಂಡೆಯ ಕಟ್ಟಳೆಗಳು

ನಗರಗಳ ಉದ್ಯಾನವನಗಳಲ್ಲಿ ಕೆರೆಯ ಏರಿಯ ಮೇಲೆ ಒಂದು ಫಲಕವನ್ನು ನೆಟ್ಟಿರುವುದನ್ನು ಎಲ್ಲರೂ ಕಂಡಿರಬಹುದು. ನೀರಿಗೆ ಇಳಿಯಕೂಡದು, ಮೀನು ಹಿಡಿಯಕೂಡದು ಎಂಬ ಎರಡು ನಿಷೇಧಗಳು ಅದರಲ್ಲಿ ಒಂದರ ಕೆಳಗೊಂದು ಇರುತ್ತವೆ. ಮೊದಲನೆಯದು ಮನುಷ್ಯನ ಪ್ರಾಣರಕ್ಷಣೆಗೆ, ಎರಡನೆಯದು ಮೀನಿನ ಪ್ರಾಣರಕ್ಷಣೆಗೆ. ಇವೆರಡನ್ನೂ ಒಂದೇ ಹಲಗೆಯ ಮೇಲೆ ಬರೆಯುವ ವಾಡಿಕೆ ಮುನಿಸಿಪಾಲಿಟಿಗಳು ಹುಟ್ಟಿಸಿದ್ದೆಂದು ತಿಳಿಯುವುದು ಸರಿಯಲ್ಲ. ಅದರ ಬೇರು ಬಹು ಆಳದಲ್ಲಿದೆ. ಈ ವಿಚಾರವನ್ನು ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಹೊಳೆದಂಡೆಯಲ್ಲಿ ನಿಂತು ನೋಡುವುದು ಉಚಿತವೆಂದು ತೋರುತ್ತದೆ.

ಮೈಲಾರವು ತುಂಗಭದ್ರೆಯ ದಡದ ಕ್ಷೇತ್ರ. ಭರತ ಹುಣ್ಣಿಮೆಯ ಜಾತ್ರೆಗೆ ನಾಡಿನ ನಾನಾ ಭಾಗಗಳಿಂದ ಜನರು ಬಂದು ನೆರೆಯುವರು. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ಕೇಳುವರು. ಬಂದವರು ಮೊದಲು ಹೊಳೆಗೆ ಇಳಿಯಬೇಕಷ್ಟೆ. ಆ ಕಾಲವಾದರೋ ಮಾಘಮಾಸ. ಮಳೆಗಾಲದ ಪ್ರವಾಹ ಇಳಿದು, ಮರಳು ಕಾಣಿಸಿಕೊಂಡು, ನದಿಯು ಸಾಧುವಾದಂತೆ ತೋರುವ ಕಾಲ. ಆದರೆ ಹೊಳೆ ಬತ್ತಿದರೂ ಮಡುಗಳು ಬತ್ತುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಆಳು ಮುಳುಗುವ ನೀರಿಗೆ ಬೀಳಬಹುದು. ಎಲ್ಲಿ ಮಡುವಿದೆ, ಎಲ್ಲಿ ಹಾಯಬಹುದು ಎಂಬುದನ್ನು ಬಲ್ಲವನು ಆ ದಂಡೆಯ ಅಂಬಿಗನೇ ಹೊರತು ದೂರದ ಊರಿನ ಯಾತ್ರಿಕನಲ್ಲ.

ಇಂಥ ಕಡೆಯಲ್ಲಿ ಅಪಾಯವಾದರೆ ಹೊಣೆ ಯಾರದು? ಈ ಪ್ರಶ್ನೆಗೆ ನಮ್ಮ ಪ್ರಾಚೀನ ಗ್ರಂಥಗಳು ಕೊಟ್ಟ ಉತ್ತರ ಒಂದೇ ಬಗೆಯದಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅವರಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯನ್ನು ಕುರಿತು ಒಂದು ಪ್ರಕರಣವೇ ಇದೆ. ಹೊತ್ತಲ್ಲದ ಹೊತ್ತಿನಲ್ಲಿ, ಕಡವಲ್ಲದ ಕಡೆಯಲ್ಲಿ ನದಿ ದಾಟಿದವನಿಗೆ ಅಲ್ಲಿ ದಂಡ ವಿಧಿಸಿದೆ. ಬೆಸ್ತರು, ಸೌದೆ ಹುಲ್ಲು ಹೊರುವವರು, ಹೂದೋಟ ಹಣ್ಣಿನ ತೋಟದವರು, ದನಗಾಹಿಗಳು ಇವರಿಗೆ ಆ ದಂಡವಿಲ್ಲ. ನದಿಯನ್ನು ಬಲ್ಲವರಿಗೂ ನಿತ್ಯ ದಾಟಲೇಬೇಕಾದವರಿಗೂ ಅಷ್ಟು ಸಡಿಲಿಕೆ. ಮಕ್ಕಳು, ಮುದುಕರು, ರೋಗಿಗಳು, ಗರ್ಭಿಣಿಯರು ಮೊದಲಾದವರನ್ನು ಅಧ್ಯಕ್ಷನ ಮುದ್ರೆಯ ಮೇಲೆ ದಾಟಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾದ ವಿಧಿ ಬೇರೊಂದಿದೆ. ಆಳುಗಳಿಲ್ಲದೆ, ಸಲಕರಣೆಗಳಿಲ್ಲದೆ, ದುರಸ್ತಿಯಿಲ್ಲದೆ ದೋಣಿಯು ಕೆಟ್ಟುಹೋದರೆ, ಕಳೆದುದನ್ನೂ ಹಾಳಾದುದನ್ನೂ ನಾವಧ್ಯಕ್ಷನೇ ತುಂಬಿಕೊಡತಕ್ಕದ್ದು.

ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನು ತೆರೆದರೆ ಮಾತು ಬದಲಾಗುತ್ತದೆ. ಅಂಬಿಗರ ತಪ್ಪಿನಿಂದ ದೋಣಿಯಲ್ಲಿ ಹಾಳಾದುದನ್ನು ಅಂಬಿಗರೇ ಕೂಡಿ ತಮ್ಮ ತಮ್ಮ ಪಾಲಿನಿಂದ ಕೊಡಬೇಕು, ದೈವಿಕವಾದುದಕ್ಕೆ ದಂಡವಿಲ್ಲ. ಒಂದು ಗ್ರಂಥ ಮೇಲಿನ ಅಧಿಕಾರಿಯನ್ನು ಹಿಡಿಯುತ್ತದೆ, ಮತ್ತೊಂದು ಹುಟ್ಟು ಹಾಕುವ ಕೈಯನ್ನು ಹಿಡಿಯುತ್ತದೆ. ಅಂಬಿಗನು ತಪ್ಪೇ ಮಾಡುವುದಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಹಳೆಯ ದೋಣಿಯನ್ನು ನೀರಿಗಿಳಿಸಲು ಬಿಟ್ಟವರು ಯಾರೆಂದು ಕೇಳುವ ಧೈರ್ಯ ಕೌಟಿಲ್ಯನಲ್ಲಿದೆ, ಮನುವಿನಲ್ಲಿ ಇಲ್ಲ. ನದಿಯ ಮೇಲೆ ಏನಾದರೊಂದು ಅನಾಹುತ ನಡೆದಾಗಲೆಲ್ಲ ಇಂದಿಗೂ ನಮ್ಮ ಜನರ ಬಾಯಲ್ಲಿ ಮೊದಲು ಬರುವುದು ಮನುವಿನ ಮಾತೇ ಎಂಬುದು ಸೋಜಿಗ.

ತುಂಗಭದ್ರೆಯ ದೋಣಿ ಎಂಥದೆಂಬುದನ್ನು ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿವರಿಸಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ. ನೆಟ್ಟಗೆ ಹೋಗದೆ ತಿರುಗುತ್ತಲೇ ಸಾಗುತ್ತದೆ. ನಮ್ಮ ಹರಿಗೋಲಿನ ಯಥಾರ್ಥ ಚಿತ್ರವಿದು. ಅದನ್ನು ನಡೆಸುವವರ ಕುಲದಿಂದಲೇ ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನೆಂಬ ನಿಷ್ಠುರವಾದಿ ವಚನಕಾರನು ಬಂದನು. ಅವನ ಹೆಸರಿನೊಡನೆ ಬೆರೆತಿರುವ ಚೌಡದಾನಪುರ ಮೈಲಾರಕ್ಕೆ ದೂರವೇನಲ್ಲ; ಅದೂ ಇದೇ ಹೊಳೆಯ ದಂಡೆಯ ಊರು.

ಇನ್ನು ಮೀನಿನ ಮಾತು. ಕೆರೆ ಕಟ್ಟೆಗಳಲ್ಲಿನ ಮೀನು, ದೋಣಿ, ಹಸುರು ಪದಾರ್ಥ ಇವುಗಳ ಸ್ವಾಮ್ಯ ರಾಜನದೆಂದು ಅರ್ಥಶಾಸ್ತ್ರವು ಹೇಳುತ್ತದೆ. ದೋಣಿಯ ಬಾಡಿಗೆಯೆಂದು ಬೆಸ್ತರು ಆರರಲ್ಲೊಂದು ಪಾಲು ತೆರಬೇಕು. ಇದು ಬೊಕ್ಕಸದ ದೃಷ್ಟಿ. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಬೇರೊಂದು ದೃಷ್ಟಿ ಕಾಣಬರುತ್ತದೆ. ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಅವನು ಹೊರಡಿಸಿದ ಆ ಆಜ್ಞೆಯ ಮೇರೆಗೆ ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿಯೂ, ತಿಷ್ಯದ ಹುಣ್ಣಿಮೆಯಲ್ಲಿಯೂ, ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಕೂಡದು, ಮಾರಲೂ ಕೂಡದು. ಮಾರಾಟವನ್ನು ತಡೆಯದೆ ಬೇಟೆಯನ್ನು ತಡೆಯಲಾಗದೆಂಬುದು ಅವನಿಗೆ ಗೊತ್ತಿದ್ದಿತು.

ನಮ್ಮ ನಾಡಿನ ದೊರೆಯೇ ಆದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕತಕ್ಕ ಆಹಾರ, ಗಾಳದ ಕೋಲು, ದಾರ, ಕೊಕ್ಕೆ ಎಲ್ಲವೂ ಅಲ್ಲಿ ವಿವರವಾಗಿವೆ. ಅರಸನು ಗಾಳ ಹಿಡಿದು ವಿನೋದದಿಂದ ಕುಳಿತಿದ್ದ ಶತಮಾನದಲ್ಲಿಯೇ ಚೌಡಯ್ಯನು ಹೊಟ್ಟೆಪಾಡಿಗಾಗಿ ಹುಟ್ಟು ಹಾಕುತ್ತಿದ್ದನು. ನೀರು ಮಾತ್ರ ಇಬ್ಬರಿಗೂ ಒಂದೇ.

ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಕಂಪನಿಯವರಿಗೆ ಸೇರಿ, 1953ರವರೆಗೆ ಮದ್ರಾಸಿಗೆ ಒಳಪಟ್ಟಿದ್ದಿತು. ಆ ಅವಧಿಯಲ್ಲಿ ಹೊಸ ಕಟ್ಟಳೆಗಳು ಬಂದುವು. ಮದ್ರಾಸ್ ಸೈನ್ಯದ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ಎಂಬಾತನು 1873ರಲ್ಲಿ ಸಿಹಿನೀರಿನ ಮೀನುಗಳನ್ನು ಕುರಿತು ದೊಡ್ಡ ವರದಿಯನ್ನು ಪ್ರಕಟಿಸಿ, ಸಣ್ಣ ಕಣ್ಣಿನ ಬಲೆಗಳಿಂದ ಮರಿಗಳೂ ನಾಶವಾಗುವುದನ್ನು ಎತ್ತಿ ತೋರಿಸಿದನು. 1897ರ ಮೀನುಗಾರಿಕೆಯ ಕಾಯಿದೆಯು ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿ, ಎರಡು ತಿಂಗಳವರೆಗೆ ಸಜೆ ಇಲ್ಲವೆ 200 ರೂಪಾಯಿವರೆಗೆ ಜುಲ್ಮಾನೆ ವಿಧಿಸಿತು. ಕಾರೆಕಾಯಿಯನ್ನು ಜಜ್ಜಿ ಮಡುವಿಗೆ ಕದಡುವ ಹಳ್ಳಿಯ ಉಪಾಯವೂ ಇದರಿಂದ ಅಪರಾಧವಾಯಿತು. ಮೀನಿಗೆ ಹಾಕಿದ ಮದ್ದು ಅದೇ ನೀರನ್ನು ಕುಡಿಯುವ ದನಕರುಗಳಿಗೂ ಕೇಡೆಂಬುದನ್ನು ನೆನೆದರೆ ಇದನ್ನು ಬರಿಯ ಮೀನಿನ ಕಾನೂನು ಎನ್ನಲಾಗದು. ಕರ್ನಾಟಕವು ಒಳನಾಡು ಮೀನುಗಾರಿಕೆಗೆ ತನ್ನದೇ ಆದ ಅಧಿನಿಯಮವನ್ನು ಮಾಡಿಕೊಂಡದ್ದು 1996ರಲ್ಲಿ.

ಕಾಯಿದೆಯಿಲ್ಲದೆ ಮೀನು ಬದುಕಿದ ಸ್ಥಳಗಳೂ ಉಂಟು. ಇದೇ ಹೊಳೆಯ ಮೇಲುಗಡೆ, ಶೃಂಗೇರಿಯಲ್ಲಿ, ತುಂಗೆಯ ಸೋಪಾನದ ಬಳಿ ಮೀನುಗಳು ನಿರ್ಭಯವಾಗಿ ಬಂದು ಯಾತ್ರಿಕರು ಚೆಲ್ಲಿದ ಕಾಳನ್ನು ತಿನ್ನುತ್ತವೆ. ಆದರೆ ಭಕ್ತಿಯ ಕಾವಲೂ ಎಲ್ಲ ಕಡೆ ಸಾಲದು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ದೇವರ ಮೀನುಗಳೆಂದು ಪೂಜೆಗೊಳ್ಳುತ್ತಿದ್ದವಕ್ಕೆ 1996ರಲ್ಲಿ ಯಾರೋ ದುರುಳರು ವಿಷವಿಕ್ಕಿದರು. ಊರವರು ಸತ್ತ ಮೀನುಗಳಿಗೆ ಅಲ್ಲಿ ಒಂದು ಸ್ಮಾರಕವನ್ನೇ ಕಟ್ಟಿಸಿದ್ದಾರೆ.

ಮೈಲಾರಕ್ಕೆ ಹಿಂದಿರುಗೋಣ. ಆಷಾಢದ ಹುಣ್ಣಿಮೆ ಕಳೆದು ಒಂದು ವಾರದಿಂದ ಕಾರ್ತಿಕದ ಹುಣ್ಣಿಮೆಯವರೆಗೆ ಕಡವಿನ ಕಾಲವೆಂದು ಕೌಟಿಲ್ಯನು ಗೊತ್ತುಮಾಡಿದ್ದಾನೆ. ಕಾನೂನಿನ ಕಣ್ಣು ತುಂಬಿದ ಹೊಳೆಯ ಮೇಲೆ. ತುಂಬಿದ ಹೊಳೆಗೆ ಜನರು ತಾವಾಗಿಯೇ ಅಂಜುತ್ತಾರೆ. ಇಲ್ಲಿನ ಜಾತ್ರೆ ಕೂಡುವುದು ಮಾಘದಲ್ಲಿ, ಹೊಳೆ ಇಳಿದು ಮಕ್ಕಳೂ ನೀರಾಡುವಂತಾದಾಗ. ಆ ನಾಲ್ಕಾರು ದಿನಗಳ ಮಟ್ಟಿಗಾದರೂ, ಮಡುವಿನ ಜಾಗಗಳನ್ನು ಬಲ್ಲ ಅಂಬಿಗರನ್ನೇ ಸಂಬಳ ಕೊಟ್ಟು ಹರಿಗೋಲಿನೊಡನೆ ದಂಡೆಯಲ್ಲಿ ನಿಲ್ಲಿಸಿ, ಆಳವಾದ ಕಡೆ ಗಳು ನೆಟ್ಟು ಹಗ್ಗ ಕಟ್ಟಿಸುವುದು ಅಧಿಕಾರಿಗಳಿಗೆ ಭಾರವಾದ ವೆಚ್ಚವೇನೂ ಅಲ್ಲ.