ರಂಗದ ಮೇಲಿನ ಆಕಾಶ: ವಾಡಿ, ಸೇಡಂ ಸೀಮೆಯಿಂದ ಒಂದು ಟಿಪ್ಪಣಿ

ಅಂತರಿಕ್ಷವನ್ನು ವಸ್ತುವಾಗಿಟ್ಟುಕೊಂಡು ಕಸರತ್ತಿನ ಪ್ರದರ್ಶನ ಕಟ್ಟಹೊರಟವರಿಗೆ ಮೊದಲು ಎದುರಾಗುವುದು ಭಾರದ ತೊಡಕು. ಆಕಾಶವನ್ನು ಊರಿಂದೂರಿಗೆ ಹೊತ್ತೊಯ್ಯುವುದು ಹೇಗೆ? ಇಂದ್ರನ ಒಡ್ಡೋಲಗ, ಪುಷ್ಪಕ ವಿಮಾನ, ಮುಗಿಲಿನಿಂದಿಳಿಯುವ ನಾರದ ಇವನ್ನೆಲ್ಲ ತೋರಿಸುತ್ತ ಬಂದ ನಮ್ಮ ಕಂಪನಿ ನಾಟಕಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದ್ದವು. ಅವುಗಳ ಆಕಾಶದ ರೂಪವನ್ನು ಪರದೆಯ ಚಿತ್ರಕಾರನಷ್ಟೇ ರೈಲು ಹಳಿಯೂ ನಿರ್ಧರಿಸಿತು ಎಂಬುದು ನನ್ನ ವಾದ. ಅದನ್ನು ಒರೆಗೆ ಹಚ್ಚಲು ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂಬ ಐದು ಊರುಗಳ ನಕಾಶೆ ಸಾಕು.

ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ ದಾಟಿ ಬಂದ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಶಹಾಬಾದ, ವಾಡಿಗಳ ಮೇಲೆ ಹಾದು 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ಹಳಿ ವಾಡಿಯಲ್ಲಿ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರು ಮಾರ್ಗವಾಗಿ ಸಿಕಂದರಾಬಾದ್ ಸೇರಿತು. ಚಿಂಚೋಳಿಗೆ ಇಂದಿಗೂ ರೈಲಿಲ್ಲ. ಮುಂಬಯಿಯ ಪಾರ್ಸಿ ನಾಟಕದವರಾದ ವಿಕ್ಟೋರಿಯಾ ಮಂಡಳಿ ನಿಜಾಮರ ದಿವಾನ ಸಾಲಾರ್ ಜಂಗರ ಕರೆಯ ಮೇಲೆ 1872ರಲ್ಲಿ ಹೈದರಾಬಾದಿಗೆ ಹೋದಾಗ ಈ ಕವಲು ಇನ್ನೂ ತೆರೆದಿರಲಿಲ್ಲ. ಅವರ ಸಾಮಾನು ಕೊನೆಯ ಹಾದಿಯನ್ನು ಬಂಡಿಗಳಲ್ಲೇ ಸವೆಸಿರಬೇಕು. ಎರಡು ವರ್ಷದ ನಂತರ ಅದೇ ಸಾಮಾನನ್ನು ರೈಲಿಗೆ ಹೇರಬಹುದಿತ್ತು. ಮುಂಬಯಿಗೂ ಹೈದರಾಬಾದಿಗೂ ನಡುವಿನ ದೃಶ್ಯವೈಭವದ ದಾರಿ ವಾಡಿ ಜಂಕ್ಷನ್ನಿನ ಮೂಲಕ ಹಾಯುವಂತಾದದ್ದು ಹೀಗೆ.

ರೈಲಿಗೆ ಹೇರುವ ಆಕಾಶ ಸುರುಳಿ ಸುತ್ತುವಂತಿರಬೇಕು. ಬಟ್ಟೆಗೆ ಬಣ್ಣ ಬಳಿದು ಗಳಕ್ಕೆ ಸುತ್ತಿದ ಪರದೆ, ಮಡಚಿಡುವ ಸೈಡ್ ವಿಂಗುಗಳು, ಮೇಲಿನ ಝಾಲರ: ಕಂಪನಿಯ ಮೂಲ ಬಂಡವಾಳ ಇಷ್ಟೇ. ಪಾರ್ಸಿ ರಂಗಭೂಮಿಯಿಂದ ಕನ್ನಡ ಕಂಪನಿಗಳಿಗೆ ಬಂದ ಜಾಣ್ಮೆಯ ಕಟ್ಟೋಣವೊಂದು ಇಲ್ಲಿ ಕೆಲಸ ಮಾಡುತ್ತದೆ. ಮುಂದೆ ರಸ್ತೆ ಪರದೆ ಇಳಿಬಿಟ್ಟು ಹಾಸ್ಯದ ದೃಶ್ಯ ನಡೆಯುವಾಗ ಹಿಂದೆ ಸದ್ದಿಲ್ಲದೆ ದೇವಲೋಕ ಸಿದ್ಧವಾಗುತ್ತದೆ. ಹಾಸ್ಯನಟ ಎಷ್ಟು ಹೊತ್ತು ಜನರನ್ನು ಹಿಡಿದಿಡಬಲ್ಲನೋ ಅಷ್ಟು ಸಮಯ ಇಂದ್ರಸಭೆಗೆ ಸಿಗುತ್ತದೆ. ಹಾಸ್ಯವನ್ನು ಕಥೆಗೆ ಸಂಬಂಧವಿಲ್ಲದ ತುರುಕಾಟವೆಂದು ಹಳಿದ ವಿಮರ್ಶಕರು ಪರದೆಯ ಹಿಂದಿನ ಈ ಲೆಕ್ಕವನ್ನು ಗಮನಿಸಲಿಲ್ಲ ಎಂದೇ ನನಗನ್ನಿಸುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮುಂದೆ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ಆದರೆ ಆನೆ ತಾನೇ ನಡೆದು ಬರುತ್ತದೆ. ಮುಗಿಲಿಗೆ ಆ ಅನುಕೂಲವಿಲ್ಲ.

ಕಣ್ಣೆದುರೇ ಒಂದು ಲೋಕ ಕರಗಿ ಇನ್ನೊಂದು ಮೂಡುವ ಟ್ರಾನ್ಸ್‌ಫರ್ ಸೀನಿಗೆ ನೆರವಾಗುವ ಉಪಾಯಗಳಲ್ಲಿ ತೆಳು ಜಾಳಿಗೆ ಬಟ್ಟೆಯೂ ಒಂದು. ಮುಂದಿನಿಂದ ಬೆಳಕು ಬಿದ್ದರೆ ಅದು ಗೋಡೆ, ಹಿಂದಿನಿಂದ ಬಿದ್ದರೆ ಅದು ಇಲ್ಲವೇ ಇಲ್ಲ. ಗ್ಯಾಸ್‌ಲೈಟಿನ ಕಾಲದಲ್ಲಿ ಬೆಳಕನ್ನು ಬೇಕಾದಂತೆ ಏರಿಸಿ ಇಳಿಸುವುದು ಕಷ್ಟ. ವಿದ್ಯುತ್ತು ಬಂದ ಮೇಲೆ ಕತ್ತಲನ್ನೂ ಅಳತೆಯಾಗಿ ಬಳಸಬಹುದಾಯಿತು. ಕಪ್ಪು ಪರದೆಯೆದುರು ಕಪ್ಪು ತಂತಿ ಕಾಣದಾಯಿತು.

ತಂತಿ ಕಾಣದಿದ್ದ ಮಾತ್ರಕ್ಕೆ ಹಾರಾಟ ನಿಜವೆನಿಸುವುದಿಲ್ಲ. ಮೂರು ಮೀಟರ್ ಹಗ್ಗದಲ್ಲಿ ತೂಗುವ ನಟ ಒಮ್ಮೆ ಹೋಗಿ ಬರಲು ಸುಮಾರು 3.5 ಸೆಕೆಂಡು ಸಾಕು. ನೋಡುವವರಿಗೆ ಅದು ಜೋಕಾಲಿ. ಚಂದ್ರನಲ್ಲಿ ಗುರುತ್ವ ಭೂಮಿಯ ಆರನೆಯ ಒಂದು ಪಾಲು, ಅದೇ ಹಗ್ಗಕ್ಕೆ ಅಲ್ಲಿ ಎಂಟೂವರೆ ಸೆಕೆಂಡು ಬೇಕು. ಆ ನಿಧಾನವನ್ನು ಇಲ್ಲಿ ತೋರಿಸಬೇಕಾದರೆ ಹಗ್ಗವನ್ನು ಆರು ಪಟ್ಟು, ಅಂದರೆ 18 ಮೀಟರಿನಷ್ಟು ಉದ್ದ ಮಾಡಬೇಕು. ತಗಡು ಹೊದಿಸಿದ ತಾತ್ಕಾಲಿಕ ಥೇಟರಿನಲ್ಲಿ ಆ ಎತ್ತರವೆಲ್ಲಿ? ಹಾಗಾಗಿ ನಟನನ್ನು ನಿಲ್ಲಿಸಿ ಮೋಡಗಳನ್ನು ಸರಿಸುವುದೇ ಇಂಥ ರಂಗಕ್ಕೆ ಒಪ್ಪುವ ವಿನ್ಯಾಸ. ಹಿನ್ನೆಲೆ ಮೆಲ್ಲಗೆ ಕೆಳಕ್ಕೆ ಜಾರಿದರೆ ನಿಂತವನು ಮೇಲೇರುತ್ತಾನೆ.

ಹಳಿಯಿಲ್ಲದ ಕಡೆ ಬೇರೆ ಆಕಾಶವಿದೆ. ದೊಡ್ಡಾಟದ ಅಟ್ಟಕ್ಕೆ ಬಣ್ಣದ ದೇವಲೋಕ ಬೇಕಿಲ್ಲ. ಸಾರಥಿ ಕೇಳುತ್ತಾನೆ, ಪಾತ್ರ ತಾನು ಯಾರು, ಎಲ್ಲಿಂದ ಬಂದೆ ಎಂದು ಹೇಳುತ್ತದೆ, ಒಂದು ಸುತ್ತು ಕುಣಿಯುತ್ತದೆ, ಲೋಕ ಬದಲಾಯಿತು. ರಂಗವನ್ನು ಸುತ್ತುವುದೇ ಪಯಣವೆಂಬ ನಿಯಮ ನಾಟ್ಯಶಾಸ್ತ್ರದಲ್ಲೂ ಇದೆ. ಚಿಂಚೋಳಿಯಂಥ ಕಡೆ ಇದನ್ನು ಸಲಕರಣೆಯ ಬಡತನವೆಂದು ಓದುವುದು ತಪ್ಪು. ಇಲ್ಲಿ ಆಕಾಶದ ಹೊಣೆ ಪೂರ್ತಿಯಾಗಿ ಮಾತಿನ ಮೇಲೂ ಮೈಯ ಮೇಲೂ ಇದೆ, ಕಸರತ್ತಿನ ಪ್ರದರ್ಶನಕ್ಕೆ ಹತ್ತಿರದ ನಂಟು ಇದೇ.

ಮೈಯಿಂದಲೇ ಆಕಾಶ ಬರೆಯುವ ಕಲೆ ಈ ನೆಲಕ್ಕೆ ಹೊಸದೂ ಅಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನ ಬೌದ್ಧ ಸ್ತೂಪವನ್ನು ಹೊರತೆಗೆಯಿತು. ‘ರಾಯೋ ಅಸೋಕ’ ಎಂಬ ಬರಹವಿರುವ ಶಿಲ್ಪದಿಂದ ಅದು ಹೆಸರಾಯಿತು. ನಾನು ಗಮನಿಸಬೇಕೆನ್ನುವುದು ಅಲ್ಲಿನ ಸುಣ್ಣಕಲ್ಲಿನ ಫಲಕಗಳಲ್ಲಿ ಹಾರುವ ದೇವತೆಗಳನ್ನು. ಇಂಥ ಶಿಲ್ಪಗಳಲ್ಲಿ ಗಾಳಿಯನ್ನು ಕೆತ್ತಲಾಗದು; ಮಡಿಚಿದ ಮೊಣಕಾಲು, ಹಿಂದಕ್ಕೆ ಚಾಚಿದ ಪಾದ, ಓರೆಯಾದ ನಡು ಇವೇ ಹಾರಾಟವನ್ನು ಹೇಳುತ್ತವೆ. ತಂತಿಗೆ ತೂಗುವ ನಟ ಕಾಲು ಇಳಿಬಿಟ್ಟರೆ ನೇತಾಡುತ್ತಾನೆ, ಹಿಂದಕ್ಕೆ ಮಡಿಚಿದರೆ ಹಾರುತ್ತಾನೆ.

ಇಂಥ ಮೈಗೆ ತರಬೇತಿಯೂ ನೆರೆಯಲ್ಲೇ ಇದೆ. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಹನ್ನೆರಡನೆಯ ಶತಮಾನದಲ್ಲೇ ಮಲ್ಲರ ಕಂಬದ ಸಾಧನೆಯನ್ನು ಹೇಳುತ್ತದೆ. ಹಗ್ಗದ ಮಲ್ಲಕಂಬ ಉತ್ತರ ಕರ್ನಾಟಕದಲ್ಲಿ ಇಂದಿಗೂ ಜೀವಂತ. ಹಗ್ಗವನ್ನು ಕಾಲ್ಬೆರಳ ಸಂದಿಗೆ ಸಿಕ್ಕಿಸಿಕೊಂಡು ತಲೆಕೆಳಗಾಗಿ ನಿಲ್ಲುವ ಹುಡುಗಿಗೆ ಸೊಂಟಪಟ್ಟಿಯೂ ಬೇಡ, ಗಡಗಡೆಯೂ ಬೇಡ. ಅವಳ ಹಿಂದೆ ಒಂದು ಕಪ್ಪು ಪರದೆ, ಪಕ್ಕದಿಂದ ಬೀಳುವ ಬೆಳಕು, ಮೆಲ್ಲಗೆ ಸುತ್ತಿಕೊಳ್ಳುವ ಚುಕ್ಕಿಗಳ ಬಟ್ಟೆ ಇದ್ದರೆ ಸಾಕು, ಸೇಡಂನ ಸಣ್ಣ ಸಭಾಂಗಣದಲ್ಲೂ ಅಂತರಿಕ್ಷದ ದೃಶ್ಯ ನಿಲ್ಲುತ್ತದೆ, ಚಿಂಚೋಳಿಗೆ ಅದನ್ನು ಒಂದು ಟೆಂಪೋದಲ್ಲಿ ಒಯ್ಯಬಹುದು.