ಕುದುರೆ ಗೊರಸಿನ ಗಿಡ

ಗಚ್ಚಿಬೌಲಿ ಎಂಬ ಹೆಸರಿನಲ್ಲೇ ನೀರಿದೆ. ಗಚ್ಚು ಎಂದರೆ ಗಾರೆ, ಬೌಲಿ ಎಂದರೆ ಬಾವಿ. ಗಾರೆ ಹಾಕಿದ ಬಾವಿ ಎಂದು ಜನ ಅರ್ಥ ಹೇಳುತ್ತಾರೆ. ಗಾಜಿನ ಕಟ್ಟಡಗಳ ನಡುವೆ ಇನ್ನೂ ಕೆಲವು ಕೆರೆಗಳು ಉಳಿದಿವೆ. ಪಕ್ಕದ ದುರ್ಗಂ ಚೆರುವು ಕುತುಬ್‌ಶಾಹಿಗಳ ಕಾಲದಲ್ಲಿ ಗೋಲ್ಕೊಂಡ ಕೋಟೆಗೆ ಕುಡಿಯುವ ನೀರು ಕೊಟ್ಟ ಕೆರೆ. ಈಗ ಅಲ್ಲಿ ಜನ ಕಯಾಕ್ ಓಡಿಸುತ್ತಾರೆ.

ಹೈದರಾಬಾದಿನ ಕೆರೆಗಳಲ್ಲಿ ಹುಟ್ಟು ಹಾಕುವವರ ಹಳೆಯ ಶತ್ರು ಒಂದು ತೇಲುಗಿಡ. ತೆಲುಗಿನಲ್ಲಿ ಅದು ಗುರ್ರಪು ಡೆಕ್ಕ, ಅಂದರೆ ಕುದುರೆ ಗೊರಸು. ಕನ್ನಡದಲ್ಲಿ ಕೆಲವರು ಅಂತರಗಂಗೆ ಎನ್ನುತ್ತಾರೆ. ಆದರೆ ಆ ಹೆಸರು ಮೊದಲಿನಿಂದ ಇನ್ನೊಂದು ಗಿಡದ್ದು. ಹೊಸದಾಗಿ ಬಂದದ್ದು ಹಳೆಯದರ ಹೆಸರನ್ನೂ ಕಬಳಿಸಿದೆ.

ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ನೇರಳೆ ಹೂವಿನ ಚೆಂದಕ್ಕೆ 19ನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂತು. ಕೆಲವೇ ದಶಕಗಳಲ್ಲಿ ಭತ್ತದ ಗದ್ದೆಗಳನ್ನೂ ದೋಣಿ ದಾರಿಗಳನ್ನೂ ಮುಚ್ಚಿತು. ಮೊದಲ ಮಹಾಯುದ್ಧದ ಹೊತ್ತಿಗೆ ಇದು ಜರ್ಮನ್ನರ ಕಿತಾಪತಿ ಎಂಬ ಗುಮಾನಿಯೂ ಹಬ್ಬಿತ್ತು. 1921ರಲ್ಲಿ ಜಗದೀಶಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. 1936ರ ಕಾಯ್ದೆ ಗಿಡ ತೆಗೆಯುವ ಹೊಣೆಯನ್ನು ನೆಲ ಅನುಭವಿಸುವವನ ಮೇಲೆ ಹೊರಿಸಿತು. 1937ರ ಚುನಾವಣೆಯಲ್ಲಿ ಇದರ ನಿರ್ಮೂಲನೆ ಪಕ್ಷಗಳ ಭರವಸೆಯಾಯಿತು. 1939ರಲ್ಲಿ ಒಂದು ವಾರವನ್ನೇ ಇದಕ್ಕೆ ಮೀಸಲಿಟ್ಟು ಜನರನ್ನು ನೀರಿಗಿಳಿಸಿದರು. ಇಂದಿನ ಸ್ವಯಂಸೇವಕರ ಭಾನುವಾರದ ಕೆಲಸಕ್ಕೆ ಅದೇ ಹಿರಿಯಜ್ಜ.

ಆದರೂ ಗಿಡ ಸೋಲಲಿಲ್ಲ. ಮುರಿದ ತುಂಡೂ ಚಿಗುರುತ್ತದೆ. ಹದವಾದ ನೀರಿನಲ್ಲಿ ಎರಡು ವಾರಕ್ಕೇ ಇಮ್ಮಡಿಯಾಗುತ್ತದೆ. ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು.

ಇನ್ನೊಂದು ದಾರಿಯನ್ನು ಹುಡುಕಿದ್ದು ಬೆಂಗಳೂರಿನ ಹೆಸರಘಟ್ಟದಲ್ಲಿ. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1980ರ ದಶಕದ ಆರಂಭದಲ್ಲಿ ನಿಯೊಕೆಟಿನಾ ಎಂಬ ಸೊಂಡಿಲು ಹುಳುವನ್ನು ಪರೀಕ್ಷಿಸಿ ಕೆರೆಗಳಿಗೆ ಬಿಟ್ಟಿತು. ಹುಳು ಎಲೆ ಕೆರೆಯುತ್ತದೆ, ಮರಿ ತೊಟ್ಟಿನೊಳಗೆ ಸುರಂಗ ಕೊರೆಯುತ್ತದೆ. ಕೆಲವು ಕೆರೆಗಳಲ್ಲಿ ಎರಡು ಮೂರು ವರ್ಷಗಳಲ್ಲಿ ಗಿಡ ಕುಸಿಯಿತು. ಆದರೆ ಈ ನಡುವೆ ಯಂತ್ರದಿಂದಲೋ ಔಷಧದಿಂದಲೋ ಗಿಡ ತೆಗೆದರೆ ಹುಳುವೂ ಹೋಗುತ್ತದೆ.

ಹುಳುವಾಗಲಿ ಹುಟ್ಟಾಗಲಿ ಮುಟ್ಟದ ಕಾರಣ ಇನ್ನೊಂದಿದೆ. ಚರಂಡಿ ನೀರಿನ ಸಾರಜನಕ, ರಂಜಕಗಳೇ ಗಿಡಕ್ಕೆ ಗೊಬ್ಬರ. ದುರ್ಗಂ ಚೆರುವಿನ ಬಳಿ ದಿನಕ್ಕೆ 70 ಲಕ್ಷ ಲೀಟರ್ ಶುದ್ಧೀಕರಿಸುವ ಘಟಕ 2023ರಲ್ಲಿ ಆರಂಭವಾದದ್ದು ಈ ಕಾರಣಕ್ಕೆ ಗಿಡ ಕೀಳುವುದಕ್ಕಿಂತ ದೊಡ್ಡ ಕೆಲಸ.

ಹಾಗೆಂದು ಕೈಕೆಲಸ ದಂಡವಲ್ಲ. ಯಂತ್ರ ಹೋಗದ ದಡದ ಮೂಲೆಗೆ ಕಯಾಕ್ ಹೋಗುತ್ತದೆ. ಹೂ ಬಿಡುವ ಮುನ್ನ ಸಣ್ಣ ತೇಪೆಯನ್ನು ಕಿತ್ತು ನೀರಿನಿಂದ ದೂರ ಒಯ್ದರೆ ಬೀಜ ಉಳಿಯುವುದಿಲ್ಲ. ಬಂಗಾಳದ ಕಾಯ್ದೆ ಹೊಣೆಗಾರನನ್ನು ಹುಡುಕಿದ್ದು ಗಿಡ ಬೆಳೆದ ನೆಲದಲ್ಲಿ. ನಗರದ ಕೆರೆಯ ಗಿಡಕ್ಕೆ ಗೊಬ್ಬರ ಹಾಕುವವರು ದಡದ ಮೇಲಿನ ಅಪಾರ್ಟ್‌ಮೆಂಟುಗಳಲ್ಲಿದ್ದಾರೆ. ವಾರಕ್ಕೊಮ್ಮೆ ಹುಟ್ಟು ಹಿಡಿಯುವವರಲ್ಲಿ ಅವರೂ ಸೇರಿರುತ್ತಾರೆ.