ಅಜ್ಜಿಯ ಸ್ಕೈಲ್ಯಾಬ್

ಹೋದ ಯುಗಾದಿಗೆ ಊರಿಗೆ ಹೋದಾಗ ಸಂಜೆ ಏಳೂಕಾಲಿಗೆ ಮನೆಯವರನ್ನೆಲ್ಲ ತಾರಸಿ ಹತ್ತಿಸಿದ್ದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ತಲೆ ಮೇಲೆ ಹಾದುಹೋಗುವ ಹೊತ್ತು ಅದು. ಪಶ್ಚಿಮದಿಂದ ಮಿನುಗದ ಬೆಳಕಿನ ಚುಕ್ಕೆಯೊಂದು ಮೇಲೇರಿತು. ಮಗಳು ಟಾಟಾ ಮಾಡಿದಳು. ಅಜ್ಜಿ ಕೇಳಿದ್ದು ಒಂದೇ: "ಇದೂ ಬೀಳ್ತದೇನೋ?"

ಅವಳ ತಲೆಯಲ್ಲಿದ್ದದ್ದು ಸ್ಕೈಲ್ಯಾಬ್. 1973ರ ಮೇ 14ರಂದು ಅಮೆರಿಕ ಹಾರಿಸಿದ ಬಾಹ್ಯಾಕಾಶ ಪ್ರಯೋಗಾಲಯ. 1974ರ ಫೆಬ್ರವರಿಯಲ್ಲಿ ಕೊನೆಯ ಮೂವರು ಗಗನಯಾತ್ರಿಗಳು ವಾಪಸಾದ ಮೇಲೆ ಖಾಲಿ ಸುತ್ತುತ್ತಿತ್ತು. ಸೂರ್ಯನ ಚಟುವಟಿಕೆ ಅಂದಾಜಿಗಿಂತ ಜಾಸ್ತಿಯಾಗಿ, ಮೇಲಿನ ವಾತಾವರಣ ಕಾದು ಹಿಗ್ಗಿತು. ಆ ಘರ್ಷಣೆಗೆ ಕಕ್ಷೆ ಕುಸಿಯುತ್ತಾ ಬಂತು. ಅದನ್ನು ಮೇಲಕ್ಕೆ ತಳ್ಳಬೇಕಿದ್ದ ಸ್ಪೇಸ್ ಶಟಲ್ ಇನ್ನೂ ಹಾರಿರಲೇ ಇಲ್ಲ.

ಎಲ್ಲಿ ಬೀಳುತ್ತೋ ಹೇಳಕ್ಕಾಗಲ್ಲ ಅನ್ನೋ ಸುದ್ದಿ ನಮ್ಮೂರು ತಲುಪೋ ಹೊತ್ತಿಗೆ ನಮ್ಮ ಮೇಲೇ ಬೀಳುತ್ತೆ ಅಂತಾಗಿತ್ತು. ಹೆಂಗೂ ಸಾಯ್ತೀವಿ ಅಂತ ತಾತ ಬಿತ್ತನೆಗಿಟ್ಟ ಶೇಂಗಾ ಹುರಿಸಿ ಎಲ್ಲರಿಗೂ ತಿನ್ನಿಸಿದರಂತೆ. 1979ರ ಜುಲೈ 11ರಂದು ಚೂರುಗಳು ಬಿದ್ದದ್ದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲಿನ ಎಸ್ಪೆರೆನ್ಸ್ ಆಡಳಿತ ಕಸ ಚೆಲ್ಲಿದ್ದಕ್ಕೆ ನಾಸಾಗೆ ತಮಾಷೆಯಾಗಿ 400 ಡಾಲರ್ ದಂಡ ಹಾಕಿತು. ನಮ್ಮ ಮನೆಯವರು ಮಾತ್ರ ಸಾಲ ಮಾಡಿ ಬೀಜ ತಂದರು. ತೀರಿಸೋಕೆ ಮೂರು ವರ್ಷ ಹಿಡೀತು.

ಆಫೀಸಲ್ಲಿ ಈ ಕತೆಯನ್ನ ಜೋಕ್ ಥರ ಹೇಳ್ತಿದ್ದೆ. ಸಾಲದ ವಿಷಯ ಅಜ್ಜಿ ಹೇಳಿದ್ದು ಅವತ್ತೇ.

"ಇದನ್ನೂ ಒಂದಿನ ಇಳಿಸ್ತಾರೆ ಅಜ್ಜಿ, ಲೆಕ್ಕ ಹಾಕಿ, ಸಮುದ್ರಕ್ಕೆ" ಅಂದೆ.

"ಇಳಿಸೋ ಮುಂಚೆ ಸರಿಯಾಗಿ ಹೇಳಕ್ಕೆ ಹೇಳು" ಅಂದಳು.